ಪರಮಾಣುವಿನ ಉದ್ರಿ ಖಾತೆ: ಗಂಜ್ ಸಿದ್ಧಾಂತದ ಪ್ರಥಮ ಮಂಡನೆ

ಪರಮಾಣುವಿನೊಳಗಿನ ವಿದ್ಯುತ್ ಪ್ರಚ್ಛನ್ನ ಶಕ್ತಿಗೆ ಋಣ ಚಿಹ್ನೆ ಏಕೆ ಎಂದರೆ ಪಠ್ಯಪುಸ್ತಕಗಳು ಒಂದು ಸಮೀಕರಣ ಬರೆದು ಕೈತೊಳೆದುಕೊಳ್ಳುತ್ತವೆ. ಬೀದರಿನ ಗಾಂಧಿ ಗಂಜಿನಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ, ತೊಗರಿ ಚೀಲದ ಮೇಲೆ ಕೂತು ನಾನು ನಡೆಸಿದ ಸುದೀರ್ಘ ಅಧ್ಯಯನದಿಂದ ಸತ್ಯ ಹೊರಬಿದ್ದಿದೆ. ಪರಮಾಣು ನಡೆಯುವುದೇ ಉದ್ರಿಯ ಮೇಲೆ.

ಹೆಸರನ್ನೇ ನೋಡಿ: ಧನ, ಋಣ. ವಿದ್ಯುತ್ತಿಗೆ ಬೆಂಜಮಿನ್ ಫ್ರಾಂಕ್ಲಿನ್ ಪ್ಲಸ್ಸು-ಮೈನಸ್ಸು ಹಚ್ಚಿದ್ದು 1747ರಲ್ಲಿ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆ ಮಾಡಿದ್ದು 1897ರಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ. ಈ ಕೂಸಿನ ಹೆಸರಿಗೆ 150 ವರ್ಷ ಮೊದಲೇ ಸಾಲ ಬರೆದಿಟ್ಟಿದ್ದರು! ಧನವನ್ನು ಋಣದಿಂದ ಗುಣಿಸಿದರೆ ಋಣವೇ. ಸಾಹುಕಾರ, ಸಾಲಗಾರ ಹತ್ತಿರವಾದರೆ ಮತ್ತೇನು ಹುಟ್ಟೀತು?

ಈ ಸಾಲದ ಲೆಕ್ಕಕ್ಕೆ ಸೊನ್ನೆ ಎಲ್ಲಿ? ಶಾಸ್ತ್ರದ ಪ್ರಕಾರ ಅನಂತ ದೂರದಲ್ಲಿ. ನಾನು ‘ಔರಾದ್’ ಎಂದು ಬರೆದಿದ್ದೆ. ಅಲ್ಲಿನ ಮಿತ್ರರು ಸಿಟ್ಟಾದರು: “ಅನಂತದಾಗ ಇರೋದು ನಿಮ್ಮ ಬೀದರ್. ಸಂಜಿ ಬಸ್ಸಿಗಿ ಕಾದು ನೋಡ್ರಿ.” ಭಾಲ್ಕಿಗೆ ರೈಲಿರುವುದರಿಂದ ಅದನ್ನು ಅನಂತ ಎನ್ನಲು ಬರುವುದಿಲ್ಲ. ವಿವಾದ ಹಾಗೇ ಇದೆ. ಇದ್ದರೂ ಚಿಂತೆಯಿಲ್ಲ, ನೌಬಾದಿನ ಸುರಂಗ ಬಾವಿಯ ಆಳದಂತೆ ಇಲ್ಲಿಯೂ ಲೆಕ್ಕಕ್ಕೆ ಬರುವುದು ವ್ಯತ್ಯಾಸವಷ್ಟೇ.

ಪ್ರೋಟಾನ್ ಸಾಹುಕಾರ ಎಳೆಯುತ್ತಾನೆ, ಎಲೆಕ್ಟ್ರಾನು ಬರುತ್ತದೆ. ಅಂತರ ಅರ್ಧವಾದರೆ ಸಾಲ ಇಮ್ಮಡಿ. ಜಲಜನಕದಲ್ಲಿ 0.53 ಆಂಗ್‌ಸ್ಟ್ರಾಮ್ ದೂರಕ್ಕೆ ಬರುವಷ್ಟರಲ್ಲಿ ಸಾಲ 27.2 ಎಲೆಕ್ಟ್ರಾನ್ ವೋಲ್ಟ್. (ಗಂಜಿನ ಗಿರಾಕಿಯಾದರೆ ಇಷ್ಟೊತ್ತಿಗೆ ಬೇರೆ ಓಣಿ ಹಿಡಿದಿರುತ್ತಿದ್ದ. ಎಲೆಕ್ಟ್ರಾನಿಗೆ ಆ ಬುದ್ಧಿಯಿಲ್ಲ.)

ಆ ದುಡ್ಡೆಲ್ಲ ಎಲ್ಲಿ ಹೋಯಿತು? ಇದೇ ನನ್ನ ಮುಖ್ಯ ಶೋಧ. 13.6 ಎಲೆಕ್ಟ್ರಾನಿನ ಓಡಾಟಕ್ಕೆ. ಉಳಿದ 13.6 ಬೆಳಕಾಗಿ ಹೊರಗೆ. ಭಾಲ್ಕಿಯ ನನ್ನ ಸೋದರಮಾವ ಮಗಳ ಮದುವೆಗೆ ಎತ್ತಿದ ಸಾಲದ ಲೆಕ್ಕವೂ ಇದೇ: ಅರ್ಧ ಜೀಪಿಗೆ, ಅರ್ಧ ಲೈಟಿಂಗಿಗೆ. ಎಲೆಕ್ಟ್ರಾನು ಬಿಡುಗಡೆಯಾಗಲು ಕಟ್ಟಬೇಕಾದದ್ದು ಲೈಟಿಂಗಿನ 13.6 ಮಾತ್ರ, ಓಡಾಟದ್ದು ಅದರ ಕೈಯಲ್ಲೇ ಇರುವುದರಿಂದ ವಜಾ.

ಮಾವನಿಗೆ ಇದು ಬಹಳ ಹಿಡಿಸಿತು. “ಜೀಪಿಂದು ವಜಾ ಅಂತಿ. ಸಾವ್ಕಾರ್ರಿಗೂ ಒಮ್ಮಿ ಹೇಳು, ತಮ್ಮಾ.”

ಹೇಳಿದೆ. ಸಾಹುಕಾರರು ಪೂರ್ತಿ ಕೇಳಿಸಿಕೊಂಡು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಕೆಂಪು ಬಟ್ಟೆಯ ವಹಿ ಬಿಡಿಸಿ, ಅಧ್ಯಯನದ ಅವಧಿಯಲ್ಲಿ ನಾನು ಕುಡಿದ ಚಹಾಗಳನ್ನು ನನ್ನ ಹೆಸರಿಗೆ ಬರೆದರು.