ಸದ್ದಿಗೆ ಎಷ್ಟು ಕೊಟ್ಟೆ, ತಮ್ಮಾ?

ಕಾರು ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಎಂಜಿನ್ನಿನ ಸದ್ದು ಅಡಗಿಸುತ್ತಾರೆ. ಅದಕ್ಕೆ ನಾವು ದುಡ್ಡು ಕೊಡುತ್ತೇವೆ. ಬಳ್ಳಾರಿಯ ತಮ್ಮಂದಿರು ಅಡಗಿದ ಸದ್ದನ್ನು ಹೊರಗೆಳೆಯಲು ಮತ್ತೊಮ್ಮೆ ಕೊಡುತ್ತಾರೆ. ಇದೆಂಥ ವ್ಯಾಪಾರ ಎಂದು ಕೇಳುವವರು ಜಿಪುಣರು, ರಸಿಕರಲ್ಲ.

ಗಣಿ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಈ ಊರಿನ ನೆತ್ತಿಯ ಮೇಲೆ ಹೆಲಿಕಾಪ್ಟರ್ ಹಾರುತ್ತಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಹಾಗಂತ ದೊಡ್ಡಸ್ತಿಕೆ ಸುಮ್ಮನಿದ್ದೀತೆ? ಆಕಾಶ ಬಿಟ್ಟಿಳಿದು ಕಾರಿನ ಹಿಂಬದಿಯ ಕೊಳವೆ ಹೊಕ್ಕಿತು. ಈಗ ರಾಯಲ್ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತ ಗಾಡಿ, ನಿಂತಲ್ಲೇ ಗುಡುಗುತ್ತದೆ. ಮಳೆ ಬಾರದ ಊರಿಗೆ ಅಷ್ಟಾದರೂ ಇರಲಿ.

"ಅಣ್ಣಾ, ಸೌಂಡಿಗಲ್ಲ, ಪಿಕಪ್ಪಿಗೆ ಹಾಕ್ಸೀನಿ," ಎನ್ನುತ್ತಾನೆ ತಮ್ಮ. ಒಪ್ಪೋಣ. ಟರ್ಬೊ ಎಂಜಿನ್ನಿಗೆ ಟ್ಯೂನಿಂಗ್ ಸಮೇತ ಪೂರ್ತಿ ಕೆಲಸ ಮಾಡಿಸಿದರೆ ಮಾತು ಬೇರೆ. ಇವನದು ಸಣ್ಣ ಪೆಟ್ರೋಲ್ ಕಾರು. ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಸಿಗುವುದು ಬಹಳವಾದರೆ ಒಂದೆರಡು ಹಾರ್ಸ್‌ಪವರ್. ಇನ್ನು ನಮ್ಮ ಬಿಸಿಲಿನ ಲೆಕ್ಕ ಕೇಳಿ. ಕಾದ ಗಾಳಿ ತೆಳುವಾಗುತ್ತದೆ, ತೆಳು ಗಾಳಿ ಕುಡಿದ ಎಂಜಿನ್ ಸೊರಗುತ್ತದೆ. ಮುಂಜಾನೆಯ 25 ಡಿಗ್ರಿ ಮಧ್ಯಾಹ್ನ 40 ಆಯಿತೆಂದರೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 5 ಇಳಿಯುತ್ತದೆ. ಅಂದರೆ ಸೈಲೆನ್ಸರ್ ಕೊಟ್ಟದ್ದನ್ನು ಬಳ್ಳಾರಿಯ ಸೂರ್ಯ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ. ಪಿಕಪ್ಪೇ ಬೇಕಿದ್ದರೆ ಬೆಳಗಿನ ಆರಕ್ಕೆ ಎದ್ದು ಗಾಡಿ ತೆಗೆದರೆ ಸಾಕು, ಪುಕ್ಕಟೆ. ಆದರೆ ಆ ಹೊತ್ತಿಗೆ ನೋಡುವವರು ಯಾರಿದ್ದಾರೆ?

ಸಿಕ್ಕ ಪಿಕಪ್ಪನ್ನು ಎಲ್ಲಿ ಖರ್ಚು ಮಾಡುವುದೆಂಬುದೂ ಇದೆ. ಸಿರುಗುಪ್ಪದ ಕಡೆ ಸುಗ್ಗಿಯಲ್ಲಿ ಹೊರಟರೆ ಅರ್ಧ ರಸ್ತೆಯಲ್ಲಿ ಭತ್ತ ಒಣಗುತ್ತಿರುತ್ತದೆ, ಉಳಿದರ್ಧದಲ್ಲಿ ಕೊಯ್ಲಿನ ಮಷಿನ್ನು ಮದುವೆಗೆ ಹೊರಟ ಆನೆಯ ಹಾಗೆ ಸಾಗುತ್ತಿರುತ್ತದೆ. ಅದರ ಆರ್ಭಟದ ಹಿಂದೆ ಸಾವಿರಾರು ರೂಪಾಯಿಯ ಗುಡುಗು ಯಾರಿಗೂ ಕೇಳಿಸುವುದಿಲ್ಲ. ಕುರುಗೋಡಿಗೆ ಹೋದರೆ ದೊಡ್ಡಬಸವೇಶ್ವರ ಗುಡಿಯ ಏಕಶಿಲೆಯ ನಂದಿ ಕಿವಿ ಕೂಡ ಅಲ್ಲಾಡಿಸುವುದಿಲ್ಲ. ತೇರಿನ ಡೊಳ್ಳು ಕೇಳಿದ ಕಿವಿ ಅದು.

ತಲೆಯೆತ್ತಿ ನೋಡುವವರು ಇಬ್ಬರೇ. ಒಬ್ಬರು ಆಸ್ಪತ್ರೆಯ ಮಂಚದ ಮೇಲಿನ ರೋಗಿ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಗಲಲ್ಲೂ 50 ಡೆಸಿಬೆಲ್ ದಾಟಬಾರದೆಂದು ನಿಯಮವಿದೆ ಎನ್ನುವುದು ಪಾಪ ಅವರಿಗೂ ಗೊತ್ತಿರುವುದಿಲ್ಲ. ಇನ್ನೊಬ್ಬರು ಟ್ರಾಫಿಕ್ ಪೊಲೀಸರು. 2019ರ ತಿದ್ದುಪಡಿಯ ನಂತರ ಶಬ್ದ ಮಾಲಿನ್ಯಕ್ಕೆ 10,000 ರೂಪಾಯಿವರೆಗೆ, ಗಾಡಿಯನ್ನು ಮನಬಂದಂತೆ ಮಾರ್ಪಡಿಸಿದ್ದಕ್ಕೆ 5,000 ರೂಪಾಯಿ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಹಿಡಿದ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ. ಹಾಕಿಸಿದ್ದೂ ಹೆಸರಾಗಲೆಂದೇ ಅಲ್ಲವೆ?

ಇಷ್ಟಕ್ಕೂ ತೃಪ್ತಿಯಾಗದವರು ಕ್ಯಾಟಲಿಟಿಕ್ ಕನ್ವರ್ಟರನ್ನೇ ಕೊಯ್ಸಿ ಬರೀ ಪೈಪು ಕೂರಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ವಿಷದ ಹೊಗೆ ಸೋಸದೆ ಹೊರಬರುತ್ತದೆ, ವಾರಂಟಿ ಕೇಳಲು ಹೋದರೆ ಕಂಪನಿಯವರು ಕೈ ಮುಗಿಯುತ್ತಾರೆ. ತಮ್ಮನಿಗೆ ಖುಷಿಯೋ ಖುಷಿ, ಯಾಕೆಂದರೆ ಫಿಟ್ಟಿಂಗ್ ಕೂಲಿಯಲ್ಲಿ ಮೇಸ್ತ್ರಿ ಐನೂರು ಬಿಟ್ಟಿದ್ದಾನೆ. "ಹಳೇದು ಇಲ್ಲೇ ಇರ್ಲಿ ಬಿಡ್ರಿ, ನಿಮಗ್ಯಾಕ ಆ ಗುಜರಿ," ಎಂದು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟುಕೊಂಡಿದ್ದಾನೆ. ಆ ಗುಜರಿಯೊಳಗಿನ ಜೇನುಗೂಡಿಗೆ ಬಳಿದಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ.