ಎಡೆದೊರೆ ನಾಡಿನಲ್ಲಿ ಲ್ಯಾಟಿನ್ ಭಾಷೆಯ ಏಳಿಗೆ: ಒಂದು ಗಹನ ಅಧ್ಯಯನ

ಲ್ಯಾಟಿನ್ ಸತ್ತು ಶತಮಾನಗಳಾದವು ಎಂದು ಬರೆದಿಟ್ಟ ಪಂಡಿತರು ಯಾರೂ ಮಾನವಿಯ ಕೋರ್ಟಿಗೆ ತಾರೀಖಿನ ದಿನ ಬಂದವರಲ್ಲ. ಬಂದಿದ್ದರೆ, ಚಹಾದಂಗಡಿ ಮುಂದೆ ಕುಕ್ಕರಗಾಲಲ್ಲಿ ಕೂತ ಒಕ್ಕಲಿಗನೊಬ್ಬ “ನಮ್ ತಮ್ಮ ಕೇವಿಯಟ್ ಹಾಕ್ಯಾನ್ರಿ” ಎಂದು ನಿಟ್ಟುಸಿರು ಬಿಡುವುದು ಅವರ ಕಿವಿಗೆ ಬೀಳುತ್ತಿತ್ತು. ಕೇವಿಯಟ್ ಎಂದರೆ ‘ಆತ ಹುಷಾರಾಗಿರಲಿ’ ಎಂಬ ಪೂರ್ತಿ ಲ್ಯಾಟಿನ್ ವಾಕ್ಯ. 1976ರ ತಿದ್ದುಪಡಿ ಅದನ್ನು ದಿವಾಣಿ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿಗೆ ತಂದು ಕೂಡಿಸಿತು. ನಮ್ಮ ರೈತ ಅದಕ್ಕೆ ‘ಹಾಕು’ ಎಂಬ ಕ್ರಿಯಾಪದ ಗಂಟು ಹಾಕಿ, ಗೊಬ್ಬರ, ಬೀಜ, ಓಟುಗಳ ಸಾಲಿಗೆ ಸೇರಿಸಿದ. ಒಮ್ಮೆ ಹಾಕಿದರೆ 90 ದಿನ ಬಾಳಿಕೆ.

ಪ್ರಸ್ತುತ ಸಂಶೋಧಕನ ಪ್ರಮೇಯ ಸರಳ: ಕೇಳುವವನಿಗೆ ತಿಳಿಯದಷ್ಟು ಹೊತ್ತು ಮಾತ್ರ ಮಾತಿಗೆ ಅಧಿಕಾರ. ಪುರಾವೆಗೆ ರೋಮಿನ ತನಕ ಹೋಗಬೇಕಿಲ್ಲ. 1915ರಲ್ಲಿ ಪತ್ತೆಯಾದ ಮಸ್ಕಿಯ ಬಂಡೆಯಲ್ಲಿ ಅಶೋಕ ತನ್ನ ಹೆಸರು ಹೇಳಿಕೊಂಡೇ ಮಾತಾಡಿದ್ದಾನೆ, ಆದರೆ ಪ್ರಾಕೃತದಲ್ಲಿ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿ ಮೀರಿದ ಕಲ್ಲೊಂದಿದೆ. ಅದರ ಮೇಲಿನ 1294ರ ಶಾಸನ ತೆಲುಗು. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳು ಎಳೆದು ತಂದ ಚಿತ್ರವೂ ಅಲ್ಲೇ ಕೊರೆದಿದೆ. ಕೋಣಗಳಿಗೆ ಯಾವ ಭಾಷೆಯಲ್ಲಿ ಗದರಿದರು ಎಂಬುದನ್ನು ಮಾತ್ರ ಶಾಸನಕಾರ ಬರೆದಿಲ್ಲ. ಗದರಿದ್ದು ಅರ್ಥವಾಗಲೇಬೇಕಿದ್ದರಿಂದ ಅದು ರಾಜಭಾಷೆಯಾಗಿರಲಿಕ್ಕಿಲ್ಲ ಎಂದು ನಮ್ಮ ಊಹೆ. ಆಮೇಲೆ ಬಹಮನಿ, ಆದಿಲಶಾಹಿಗಳ ಫಾರಸಿ, ನಿಜಾಮರ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, ಇನ್ನೇನು ಕನ್ನಡ ಕುರ್ಚಿ ಎಳೆದುಕೊಂಡು ಕೂತಿತು ಅನ್ನುವಷ್ಟರಲ್ಲಿ ಇಂಗ್ಲಿಷು ಬಂತು, ಕಂಕುಳಲ್ಲಿ ಲ್ಯಾಟಿನ್ ಕೂಸನ್ನು ಎತ್ತಿಕೊಂಡು.

ಇಲ್ಲೊಂದು ವೈಪರೀತ್ಯವುಂಟು. ನಿಜಾಮರು ಆಳಿದ ನಮ್ಮ ಸೀಮೆಯ ಕಾಗದಪತ್ರಗಳಲ್ಲಿ ಮನುಷ್ಯ ‘ಬಸಪ್ಪ ತಂದೆ ಹನುಮಂತಪ್ಪ’ ಆಗಿರುತ್ತಾನೆ. ಒಡೆಯರು ಆಳಿದ ಹಳೇ ಮೈಸೂರಿನಲ್ಲಿ ಅದೇ ಮನುಷ್ಯ ‘ಬಸಪ್ಪ ಬಿನ್ ಹನುಮಂತಪ್ಪ’. ಅಪ್ಪಟ ಅರಬ್ಬಿ! ಇದನ್ನು ಬಿಡಿಸಿ ಹೇಳಲು ಹೊರಟರೆ ಪ್ರಮೇಯಕ್ಕೆ ಧಕ್ಕೆ ಬರುವ ಕಾರಣ ಇಲ್ಲಿಗೆ ಕೈಬಿಡಲಾಗಿದೆ.

ಲ್ಯಾಟಿನ್ನಿನ ತವರುಮನೆಯಂತಿದ್ದ ಬ್ರಿಟನ್ನಿನ ಕೋರ್ಟುಗಳೇ ಅದಕ್ಕೆ ಬೇಸತ್ತವು. 1731ರಲ್ಲಿ ಅಲ್ಲಿಯ ಪಾರ್ಲಿಮೆಂಟು ಕಾಯ್ದೆ ಮಾಡಿ, 1733ರಿಂದ ಕೋರ್ಟಿನ ಬರಹವೆಲ್ಲ ಇಂಗ್ಲಿಷಿನಲ್ಲೇ ಇರತಕ್ಕದ್ದೆಂದು ಕಟ್ಟಪ್ಪಣೆ ಹೊರಡಿಸಿತು. ಉಳಿದ ಲ್ಯಾಟಿನ್ ಹಡಗು ಹತ್ತಿ ಇತ್ತ ಬಂದಿರಬೇಕು. ನಮ್ಮ ಸಂವಿಧಾನದ 32ನೇ ಅನುಚ್ಛೇದ ಹೆಸರಿಸುವ ಐದು ರಿಟ್‌ಗಳಲ್ಲಿ ನಾಲ್ಕರ ಹೆಸರು ಲ್ಯಾಟಿನ್. ಹೀಗಾಗಿ ಆ ಭಾಷೆಗೆ 371-ಜೆ ಅಡಿ ಮೀಸಲಾತಿ ಕೊಡುವ ಅಗತ್ಯ ಈವರೆಗೆ ಬಂದಿಲ್ಲ.

ಕ್ಷೇತ್ರಕಾರ್ಯದ ಮಾದರಿಗೆ ದೇವದುರ್ಗದ ಒಂದು ಸಂವಾದ, ಕೇಳಿದಂತೆಯೇ:

“ನೀ ಎಕ್ಸ್‌ಪಾರ್ಟಿ ಆಗಿಯಪ.”

“ಯಾರ್ ಹೇಳಿದ್ರಿ ಸಾಹೇಬ್ರ? ನಾ ಪಾರ್ಟಿ ಬಿಟ್ಟಿಲ್ರಿ. ಹೋದ ಎಲೆಕ್ಷನ್ದಾಗೂ ಅದಕ್ಕ ಹಾಕೀನಿ.”

“ಅದಲ್ಲೋ ಮಾರಾಯ. ತಾರೀಖಿಗೆ ನೀ ಬರ್ಲಿಲ್ಲ, ನಿನ್ನ ಬಿಟ್ಟು ತೀರ್ಪಾತು.”

“ಹಂಗಂದ್ರ ತಿಳಿತಿತ್ತಲ್ರಿ.”

“ತಿಳಿದ್ರ ಫೀಜು ಕೊಡ್ತಿದ್ದೇನು?”

ಈ ಕೊನೆಯ ಮಾತಿನಲ್ಲಿ ನಮ್ಮ ಪ್ರಮೇಯವೆಲ್ಲ ಅಡಗಿದೆ. ಆ ತೀರ್ಪು ರದ್ದು ಮಾಡಿಸಲು ಒಂಬತ್ತನೇ ಆರ್ಡರಿನ ಹದಿಮೂರನೇ ರೂಲಿನಡಿ ಇನ್ನೊಂದು ಅರ್ಜಿ ಬೇಕು. ಅದರ ಫೀಜು ಬೇರೆ.

ಕೋರ್ಟಿನ ಹೊರಗೆ ಈ ಭಾಷೆಯನ್ನು ಪೊರೆಯುತ್ತಿರುವವರು ರಾಯಚೂರು ನಗರದ ನಿವೃತ್ತ ಅಧಿಕಾರಿಗಳು. ‘ಪರ್ ಸೇ’ ಇಲ್ಲದೆ ಇವರ ಇಂಗ್ಲಿಷ್ ವಾಕ್ಯ ಮುಗಿಯುವುದಿಲ್ಲ. ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂತು ಅಂಥವರೊಬ್ಬರು ಮೂರನೇ ಸಲ ‘ಪರ್ ಸೇ’ ಎಂದಾಗ, ಪಕ್ಕದಲ್ಲಿದ್ದ ಮುದುಕ “ಯಾವೂರ ಪರಸಿರಿ? ಅಂಬಾ ದೇವಿದಾ?” ಎಂದು ಜಾತ್ರೆಯ ವಿಚಾರಣೆಗಿಳಿದ. ಅಧಿಕಾರಿಗಳು ಕೂಡಲೇ ‘ವಿಸ್-ಎ-ವಿ’ಗೆ ಹೊರಳಿಕೊಂಡರು. ಅಪಾಯ ಬಂದಾಗ ಲ್ಯಾಟಿನ್ನಿನಿಂದ ಫ್ರೆಂಚಿಗೆ ಜಿಗಿಯುವುದು ಈ ವರ್ಗದ ಲಕ್ಷಣ.

ಜನಸಾಮಾನ್ಯರಿಗೆ ಇಂಥ ಜಿಗಿತ ಬೇಕಿಲ್ಲ. ಅವರು ಸದ್ದಿಲ್ಲದೆ ಎರಡನ್ನೂ ದಕ್ಕಿಸಿಕೊಂಡಿದ್ದಾರೆ. ಫ್ರೆಂಚ್ ‘ಡಿಪೋ’ದಿಂದ ಹೊರಟ ಬಸ್ಸು ಲ್ಯಾಟಿನ್ ‘ವಯಾ’ ಗಬ್ಬೂರು ದೇವದುರ್ಗ ಮುಟ್ಟುತ್ತದೆ. ಅದೇ ‘ವಯಾ’ ಪೊಲೀಸರ ಎಫ್‌ಐಆರ್‌ನಲ್ಲಿ ‘ವಯಾ 45’ ಎಂದು ವಯಸ್ಸಾಗುತ್ತದೆ. ಮುಂದೊಂದು ದಿನ ರೋಮಿನ ವಿದ್ವಾಂಸರು ಬಂದರೆ ಪೇಚಾಡುವುದು ಖಂಡಿತ.

ಇನ್ನು ಮದುವೆ ಕಾರ್ಡು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕಾರ್ಡಿನ ಕೆಳಮೂಲೆಯಲ್ಲಿ ‘ಆರ್.ಎಸ್.ವಿ.ಪಿ.’ ಎಂದಿರುತ್ತದೆ. ಬರುತ್ತೀರೋ ಇಲ್ಲವೋ ದಯವಿಟ್ಟು ತಿಳಿಸಿ ಎಂಬ ಫ್ರೆಂಚ್ ವಿನಯ ಅದು. ಬೀಗರಿಗೆ ಹೀಗೆ ಕೇಳುವುದೇ ನಮ್ಮಲ್ಲಿ ಅವಮಾನ. ಆದ್ದರಿಂದ ಮಾನವಿ ಭಾಗದಲ್ಲಿ ಇದರ ಪಾಠಾಂತರವೇ ಬೇರೆ: ಆರ್.ಎಸ್.ವಿ. ಪಾಟೀಲ, ಮನೆತನದ ಹಿರಿಯರು. ಸಿಂಧನೂರಿನ ಮದುವೆಗೂ ಲಿಂಗಸುಗೂರಿನ ಮದುವೆಗೂ ಇವರೇ ಸ್ವಾಗತ ಕೋರುವವರು. ದೊಡ್ಡ ಕುಳ, ಎಲ್ಲ ಜಾತಿಯವರಿಗೂ ಬೇಕಾದವರು ಎಂದು ಹೆಸರು. ಅವರು ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಮಾತ್ರ ಈ ತನಕ ಯಾರೂ ಕಂಡಿಲ್ಲ.