ಖಾನ್ ಸಿಂಗನ ಊರು ಯಾವುದಯ್ಯಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕಿನಲ್ಲಿ ಹೊಸಬರು ಯಾರೇ ಸಿಕ್ಕಲಿ, ಮಾತು ಶುರುವಾಗುವುದೇ ‘ಯಾವೂರಾಯ್ತು?’ ಎಂದು. ಎರಡನೆಯದು ‘ಯಾರ ಪೈಕಿ?’. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹೆಸರು, ಊಟ, ಮನೆದೇವರು ವಿಚಾರಿಸಿ ತಾವೇ ಹೊಂದಿಸಿಕೊಳ್ಳುತ್ತಾರೆ. ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟಿಯನ್ನರಿದ್ದಾರೆ. ಅಲ್ಲೇ ಹುಟ್ಟಿದ ಹುಡುಗ ‘ಪಿರಿಯಾಪಟ್ಟಣ ತಾಲ್ಲೂಕು ಸಾರ್’ ಎಂದು ಅಚ್ಚಗನ್ನಡದಲ್ಲಿ ಹೇಳಿದರೂ, ‘ಅದಲ್ಲಪ್ಪ, ಮೂಲ ಎಲ್ಲಿ?’ ಎಂದು ಇನ್ನೊಂದು ಸುತ್ತು ಕೇಳದೆ ಬಿಡುವವರಲ್ಲ ನಾವು.

ಇಂಥವರ ನಡುವೆ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯನ್ನು ತಂದು ಹಾಕಿದವನು ನಮ್ಮಣ್ಣನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಹೊಗೆಸೊಪ್ಪಿನ ಕಾಲಕ್ಕೆ ಊರಿಗೆ ಬಂದಿದ್ದ. ಒಣಗಿಸುವ ಬ್ಯಾರನ್‌ಗೆ ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ರಾತ್ರಿಯೆಲ್ಲ ಯಾರಾದರೂ ಎದ್ದಿರಬೇಕು. ಉರಿ ಜಾಸ್ತಿಯಾದರೆ ಸೊಪ್ಪು ಕೆಟ್ಟಿತು, ಕಮ್ಮಿಯಾದರೂ ಕೆಟ್ಟಿತು. ಆವತ್ತು ಒಲೆಬಾಯಿಯ ಮುಂದೆ ನಾನು, ದೊಡ್ಡಪ್ಪ, ಕೋಟೆಯಿಂದ ಬಂದಿದ್ದ ಭಾವ, ಮತ್ತು ಸೌದೆಗೆ ಒರಗಿಸಿದ ಅವನ ಫೋನು. ಫೋನಿನಲ್ಲಿ ಖಾನ್ ನೂನಿಯನ್ ಸಿಂಗ್.

‘ಖಾನ್ ಅಂದ್ರೆ ಸಾಬ್ರು, ಸಿಂಗ್ ಅಂದ್ರೆ ಸರ್ದಾರ್ಜಿ. ಯಾವ್ದಾದ್ರೂ ಒಂದ್ ಹೇಳ್ಲಾ’ ಎಂದರು ದೊಡ್ಡಪ್ಪ.

ಹುಡುಗ ಉತ್ಸಾಹದಿಂದ ಶುರುಮಾಡಿದ. 1967ರ ಕಂತು. ಎರಡು ಶತಮಾನ ಹಡಗಿನಲ್ಲಿ ನಿದ್ದೆ ಹೊಡೆದವನನ್ನು ಎಬ್ಬಿಸುತ್ತಾರೆ. ಇತಿಹಾಸ ಬಲ್ಲ ಹೆಣ್ಣುಮಗಳೊಬ್ಬಳು ಮುಖ ನೋಡಿಯೇ ಉತ್ತರ ಭಾರತದವನು, ಸಿಖ್ಖನಿರಬಹುದು ಎಂದು ಅಂದಾಜು ಮಾಡುತ್ತಾಳೆ. ತಲೆಗೆ ಪೇಟವಿಲ್ಲ, ಗಡ್ಡವಿಲ್ಲ. ನಟ ರಿಕಾರ್ಡೊ ಮೊಂಟಾಲ್ಬಾನ್, ಮೆಕ್ಸಿಕೋ ನಗರದಲ್ಲಿ ಹುಟ್ಟಿದವನು. ಮೊದಲ ಕರಡಿನಲ್ಲಂತೂ ಅವನು ಸಿಂಗನೂ ಅಲ್ಲ ಖಾನನೂ ಅಲ್ಲ, ಉತ್ತರ ಯುರೋಪಿನ ಹೆರಾಲ್ಡ್ ಎರಿಕ್ಸನ್. ಅದೇ ಖಾನ್ 1982ರ ಸಿನಿಮಾಕ್ಕೆ ಮತ್ತೆ ಬಂದ, ಆಗಲೂ ಮೊಂಟಾಲ್ಬಾನನೇ. 2013ರಲ್ಲಿ ಬಂದಾಗ ಮಾತ್ರ ಲಂಡನ್ನಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಹಾಲಿನಷ್ಟು ಬಿಳುಪು. ಅಭಿಮಾನಿಗಳು ಸಿಡಿದೆದ್ದರು. ಆಮೇಲೆ ಬಂದ ಕಾಮಿಕ್ಸ್ ಪುಸ್ತಕದಲ್ಲಿ ಅವನ ಮುಖಕ್ಕೆ ಆಪರೇಷನ್ ಮಾಡಿ ಬದಲಿಸಿದ್ದರು ಎಂದು ತೇಪೆ ಹಾಕಿದರು.

‘ಮುಖ ಬದ್ಲಾದ್ರೆ ಊರು ಬದ್ಲಾಯ್ತದಾ?’ ದೊಡ್ಡಪ್ಪ ಬಿಡಲಿಲ್ಲ.

‘ಅವ್ನು ವಿಜ್ಞಾನಿಗಳು ತಳಿ ತಿದ್ದಿ ಹುಟ್ಟಿಸಿದ ಮನುಷ್ಯ ತಾತ. ಅವ್ನಿಗೆ ಊರೇ ಇಲ್ಲ ಅಂತಾರೆ ಕೆಲವ್ರು.’

‘ತಳಿ ಅಂದ್ಮೇಲೆ ಬಿತ್ತನೆ ಎಲ್ಲಿಂದಾನಾ ತಂದಿರ್ಬೇಕಲ್ಲ!’

ನನ್ನ ಓಟು ದೊಡ್ಡಪ್ಪನಿಗೇ. ಕಥೆಯಲ್ಲವೇ, ಊರು ಕೇರಿ ಯಾಕೆ ಕೇಳಬೇಕು ಎಂದು ದೊಡ್ಡ ಮನಸ್ಸು ಮಾಡುವವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಅವರ ಊರನ್ನು ಯಾರೂ ಕೇಳಿರುವುದಿಲ್ಲ. ಹಾಗೆಂದು ನಾವೇನು ಎಲ್ಲದಕ್ಕೂ ತಕರಾರು ತೆಗೆಯುವವರಲ್ಲ. 1979ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಮುಂಬಯಿಯ ಪರ್ಸಿಸ್ ಖಂಬಾಟಾ ಬೇರೆ ಗ್ರಹದ ಹೆಣ್ಣಾಗಿ ತಲೆ ಬೋಳಿಸಿಕೊಂಡು ಬಂದಳು. ಆ ಚಿತ್ರ ನೋಡಿದ ದೊಡ್ಡಪ್ಪ, ‘ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಟ್ಟಂಗವ್ಳೆ’ ಎಂದು ಒಪ್ಪಿಕೊಂಡರು.

ಆಗ ಭಾವ ಗಂಟಲು ಸರಿಮಾಡಿಕೊಂಡರು. ‘ಮೆಕ್ಸಿಕೋದವ್ನು ನಮ್ ದೇಶದವ್ನಾಗಿದ್ದು ದೊಡ್ ವಿಷ್ಯಾನಾ? ನಮ್ ಕಾರಾಪುರದ ಸಾಬು ಯಾವ್ಯಾವ ದೇಶದವ್ನಾದ ಗೊತ್ತಾ?’

ಕೋಟೆಯವರು ಈ ಮಾತಿಗೆ ಬರುವುದು ಯಾವಾಗ ಎಂದು ನಾನೂ ಕಾಯುತ್ತಿದ್ದೆ. 1924ರಲ್ಲಿ ಹುಟ್ಟಿದ ಸಾಬು, ಮಾವುತನ ಮಗ. ತಬ್ಬಲಿಯಾಗಿ ಮಹಾರಾಜರ ಆನೆ ಲಾಯದಲ್ಲಿ ಬೆಳೆದವನು. ಸಿನಿಮಾ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ನಲ್ಲಿ ಕಿಪ್ಲಿಂಗನ ತೂಮಾಯಿ ಆದ. ಆನೆ ಮೇಲೆ ಕೂರುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಆಮೇಲೆ ನೋಡಿ: 1938ರಲ್ಲಿ ವಾಯವ್ಯ ಗಡಿನಾಡಿನ ರಾಜಕುಮಾರ, 1940ರಲ್ಲಿ ಬಾಗ್ದಾದಿನ ಕಳ್ಳ, 1942ರಲ್ಲಿ ಮಧ್ಯಪ್ರದೇಶದ ಸಿವನಿ ಕಾಡಿನ ಮೌಗ್ಲಿ, 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಹಿಮಾಲಯದ ಕಡೆಯ ಸಾಹುಕಾರ ಯುವಕ. ಆ ಹಿಮಾಲಯವೂ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿದ್ದು. ಕಬಿನಿ ದಂಡೆಯ ಹುಡುಗ ಎಲ್ಲಿಯವನು ಬೇಕಾದರೂ ಆಗಬಹುದಿತ್ತು. ಸಿನಿಮಾದವರಿಗೆ ಬೇಕಾಗಿದ್ದುದು ಕಪ್ಪು ಕಣ್ಣು, ಕಂದು ಮೈ, ಒಂದು ನಗು. ಊರು ಅವರ ಪಟ್ಟಿಯಲ್ಲಿರಲಿಲ್ಲ.

‘1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿದ್ದ. ಅಲ್ಲಿಗೆ ಅವ್ನು ಅಮೆರಿಕನ್ ಅಲ್ವಾ ಮಾವ?’ ಹುಡುಗ ಕೆಣಕಿದ.

‘ಪ್ರಜೆಯಾಗೋದು ಕಾಗ್ದದಲ್ಲಿ. ಮೂಲ ಕಾರಾಪುರ.’

ಹುಡುಗ ಲೆಕ್ಕ ಹಾಕಿದ. ಸಾಬು ತೀರಿಕೊಂಡದ್ದು 1963ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತಕ್ಕೆ. ಬದುಕಿದ್ದರೆ 1967ಕ್ಕೆ ನಲವತ್ತಮೂರು. ಖಾನನ ಪಾತ್ರಕ್ಕೆ ಹೇಳಿ ಮಾಡಿಸಿದ ವಯಸ್ಸು! ‘ಅವ್ನೇ ಮಾಡಿದ್ರೆ ಈ ಜಗಳಾನೇ ಇರ್ತಿರ್ಲಿಲ್ಲ.’

ದೊಡ್ಡಪ್ಪ ಥರ್ಮಾಮೀಟರ್ ನೋಡಿಬಂದು ಕುಳಿತರು. ‘ಹೆಂಗ್ಲಾ? ಇವ್ನೂ ಪಂಜಾಬಿನವ್ನಲ್ಲ, ಅವ್ನೂ ಅಲ್ಲ. ಮೆಕ್ಸಿಕೋದವ್ನು ಸಿಂಗ್ ಆದ್ರೆ ತಪ್ಪು, ಕೋಟೆಯವ್ನು ಆದ್ರೆ ಸರಿನಾ?’

ಹುಡುಗ ತಲೆ ಕೆರೆದುಕೊಂಡ. ಕೊನೆಗೆ, ‘ಸಾಬು ಆದ್ರೆ ನಮ್ಮೋನು ತಾತ’ ಎಂದ.

‘ನಮ್ಮೋನು ಅಂದ್ರೆ?’ ಭಾವ ಎದ್ದು ಕೂತರು. ‘ನಿಮ್ದು ಪಿರಿಯಾಪಟ್ಟಣ. ಅವ್ನು ಎಚ್.ಡಿ. ಕೋಟೆ ತಾಲ್ಲೂಕು.’